ನಲವತ್ತು ದಿನದ ಯಂತ್ರ: ಬಳಕೆದಾರರ ಕೈಪಿಡಿ

ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಎಂಬ ಈ ಸಾಧನ ನಿಮ್ಮ ಮನೆ ತಲುಪಿದ್ದಕ್ಕೆ ಅಭಿನಂದನೆಗಳು. ನಾವು ಆರ್ಡರ್ ಮಾಡಿರಲಿಲ್ಲ ಎಂದು ವಾಪಸು ಕಳಿಸಲು ಬರುವುದಿಲ್ಲ. ಇದು ಜ್ಞಾನಸ್ನಾನದ ಜೊತೆಗೇ ಬಂದದ್ದು. ಬಳಸುವ ಮೊದಲು ಮನೆಮಂದಿಯೆಲ್ಲ ಈ ಕೈಪಿಡಿಯನ್ನು ಓದತಕ್ಕದ್ದು. ಯಾರೂ ಓದುವುದಿಲ್ಲ ಎಂಬುದು ತಯಾರಕರಿಗೂ ಗೊತ್ತಿದೆ.

ಇಲ್ಲಿ ವಿವರಿಸಿರುವುದು ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕೆಥೊಲಿಕ್ ಮನೆಗಳಲ್ಲಿ ತಲೆಮಾರುಗಳಿಂದ ಓಡುತ್ತಿರುವ ಮಾದರಿ. ಅಲ್ಲಿ ಇದನ್ನು ಕರೆಜ್ಮ್ ಎನ್ನುತ್ತಾರೆ. ಬೆಂಗಳೂರು, ಮುಂಬೈ, ದುಬೈಯ ಫ್ಲ್ಯಾಟುಗಳಲ್ಲೂ ಓಡುತ್ತದೆ. ಆದರೆ ಅಜ್ಜಿ ಎಂಬ ಮುಖ್ಯ ಭಾಗ ಆ ಊರುಗಳ ಅಂಗಡಿಯಲ್ಲಿ ಸಿಗುವುದಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಗೋಡೆಗೆ ಹೊಡೆದ ಅಲ್ತಾರು ಒಂದು. ಅದರ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ವೇಳಾಂಕಣ್ಣಿಯಿಂದ ತಂದ ಮಾತೆಯ ಪ್ರತಿಮೆ, ಕೆಂಪು ಝೀರೋ ಬಲ್ಬು. ತಲೆಗೊಂದು ಜಪಮಾಲೆ, ಮನೆಯಲ್ಲಿ ಎಷ್ಟೇ ಇದ್ದರೂ ಹೊತ್ತಿಗೆ ಕೈಗೆ ಸಿಗುವುದು ಎರಡೇ. ಕನ್ನಡ ಲಿಪಿಯ, ರಟ್ಟು ಕಳಚಿದ ಕೊಂಕಣಿ ಪ್ರಾರ್ಥನೆ ಪುಸ್ತಕ. ಚಾಪೆ. ಮೊಣಕಾಲು ನೋವಿರುವವರಿಗೆ ಪ್ಲಾಸ್ಟಿಕ್ ಕುರ್ಚಿ. ಮೊಣಕಾಲು ನೋವು ಬರಲು ಇನ್ನೂ ಮೂವತ್ತು ವರ್ಷ ಇರುವವರು ಆ ಕುರ್ಚಿಯಲ್ಲಿ ಕೂರಬಾರದು.

ಶುರು ಮಾಡುವ ದಿನ

ಆರಂಭದ ದಿನ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಪಾಸ್ಕ ಹಬ್ಬ. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ತನಕ ಯಾವತ್ತಾದರೂ ಬೀಳಬಹುದು. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ, ಅದೇ ಆರಂಭದ ದಿನ. ತಪಸ್ಸು ನಲವತ್ತೇ ದಿನದ್ದಲ್ಲವೇ, ಮಿಕ್ಕ ಆರು ಎಲ್ಲಿಂದ ಬಂತು ಎಂದು ಕೇಳುವ ಮಗು ಪ್ರತಿ ಮನೆಯಲ್ಲೂ ಒಂದಿರುತ್ತದೆ. ಅವು ಭಾನುವಾರಗಳು. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಈ ಉತ್ತರವನ್ನು ಮಗುವಿನ ಕಿವಿಯಲ್ಲಿ ಮಾತ್ರ ಹೇಳಿ. ನಲವತ್ತು ದಿನ ಕುಡಿಯುವುದಿಲ್ಲ ಎಂದು ಮಾತು ಕೊಟ್ಟ ಚಿಕ್ಕಪ್ಪನ ಕಿವಿಗೆ ಬಿದ್ದರೆ ಆರು ದಿನ ಕೈತಪ್ಪಿ ಹೋಗುತ್ತವೆ.

2018ರಲ್ಲೂ 2024ರಲ್ಲೂ ಬೂದಿ ಬುಧವಾರ ಫೆಬ್ರವರಿ 14ರ ಪ್ರೇಮಿಗಳ ದಿನದಂದೇ ಬಂತು. ಕೈಯಲ್ಲಿ ಗುಲಾಬಿ, ಹಣೆಯಲ್ಲಿ ಬೂದಿ, ಹೋಟೆಲಿನಲ್ಲಿ ಗೋಬಿ ಮಂಚೂರಿ. ತಪಸ್ಸುಕಾಲದಲ್ಲಿ ಮದುವೆ ಇಟ್ಟುಕೊಳ್ಳುವ ರೂಢಿಯೂ ಇಲ್ಲ. ಜನವರಿಯಲ್ಲಿ ಹಾಲ್ ಸಿಗದೆ ಒದ್ದಾಡುವವರು ಕ್ಯಾಲೆಂಡರನ್ನು ಇನ್ನೂ ಮೊದಲೇ ನೋಡಬೇಕಿತ್ತು.

ಬೂದಿ ಹಚ್ಚುವ ಕ್ರಮ

ಹಿಂದಿನ ವರ್ಷ ಗರಿಗಳ ಭಾನುವಾರ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಯನ್ನು ಇಗರ್ಜಿಗೆ ಮರಳಿಸಿ. ಅದನ್ನು ಸುಟ್ಟ ಬೂದಿಯೇ ಈ ವರ್ಷ ನಿಮ್ಮ ಹಣೆಗೆ ಬರುವುದು. ಅಂದಿನ ಪೂಜೆಯಲ್ಲಿ ಓದುವುದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಜನ ನೋಡಲೆಂದು ಮಾಡಬೇಡಿ, ಉಪವಾಸವಿದ್ದಾಗ ಮುಖ ತೊಳೆದುಕೊಳ್ಳಿ ಎಂಬುದು ಅದರ ತಾತ್ಪರ್ಯ. ಇದನ್ನು ಕೇಳಿಸಿಕೊಂಡ ಸ್ವಲ್ಪ ಹೊತ್ತಿಗೇ ಸಾಲಿನಲ್ಲಿ ನಿಂತು ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವೆ. ಎರಡು ಸೂಚನೆಗಳೂ ಒಂದಕ್ಕೊಂದು ವಿರುದ್ಧವೆಂದು ಗಾಬರಿಯಾಗಬೇಡಿ. ಬೂದಿ ಇರಲಿ, ಸೆಲ್ಫಿ ಬೇಡ. ಅಷ್ಟಾದರೆ ಎರಡನ್ನೂ ಪಾಲಿಸಿದಂತೆ.

ತೇರ್ಸ್ (ಜಪಮಾಲೆ ಪ್ರಾರ್ಥನೆ): ದಿನನಿತ್ಯದ ಚಾಲನೆ

ಮೊದಲ ಹಂತ: ಟಿವಿ ಆರಿಸಿ. ಸದ್ದು ಮಾತ್ರ ನಿಲ್ಲಿಸಿ ಧಾರಾವಾಹಿಯನ್ನು ಹಾಗೇ ಬಿಡುವುದು ಆರಿಸಿದಂತಲ್ಲ.

ಎರಡನೇ ಹಂತ: ಎಲ್ಲರನ್ನೂ ಕರೆಯಿರಿ. ಮೊದಲ ಕರೆಗೆ ಉತ್ತರವಿಲ್ಲ. ಎರಡನೆಯದಕ್ಕೆ ‘ಬಂದೆ’ ಎಂಬ ದನಿ ಬರುತ್ತದೆ, ಆಳು ಬರುವುದಿಲ್ಲ. ಆಗ ಅಜ್ಜಿ ಯಾರನ್ನೂ ಕರೆಯದೆ ಶಿಲುಬೆಯ ಗುರುತು ಹಾಕಿ ಶುರು ಮಾಡಿಬಿಡುತ್ತಾರೆ. ಒಂದೇ ನಿಮಿಷದಲ್ಲಿ ಚಾಪೆ ತುಂಬುತ್ತದೆ.

ಮೂರನೇ ಹಂತ: ದಿನದ ರಹಸ್ಯ, ಅಂದರೆ ಧ್ಯಾನಿಸಬೇಕಾದ ಯೇಸು, ಮರಿಯರ ಬದುಕಿನ ಘಟನೆ, ಯಾವುದೆಂದು ನೋಡಿಕೊಳ್ಳಿ. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳು. ಗುರುವಾರ ಬೆಳಕಿನ ರಹಸ್ಯಗಳು. ಇವನ್ನು ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ್ದು 2002ರಲ್ಲಿ. ಅಜ್ಜಿಯ ಲೆಕ್ಕದಲ್ಲಿ ಅವು ಇನ್ನೂ ಹೊಸವು, ಗುರುವಾರ ಪುಸ್ತಕ ನೋಡಿಯೇ ಹೇಳುತ್ತಾರೆ.

ನಾಲ್ಕನೇ ಹಂತ: ನಮೋ ಮರಿಯ ಒಟ್ಟು 53. ಆರಂಭದಲ್ಲಿ ಮೂರು, ಆಮೇಲೆ ಹತ್ತರಂತೆ ಐದು ಸಲ. ಮುಂದಾಳು ಅರ್ಧ ಹೇಳಿದ ಮೇಲೆ ಉಳಿದವರು ಇನ್ನರ್ಧ ಹೇಳುವುದು ನಿಯಮ. ಮುಂದಾಳಿನ ಬಾಯಿ ಮುಚ್ಚುವ ಮೊದಲೇ ಉಳಿದವರು ಶುರುಹಚ್ಚುವುದು ಪದ್ಧತಿ. ಒಂದೊಂದು ಹತ್ತನ್ನು ಒಬ್ಬೊಬ್ಬರಿಗೆ ಹಂಚಿ, ಚಿಕ್ಕವರಿಗೂ ಕೊಡಿ. ಒಂಬತ್ತಕ್ಕೇ ಮುಗಿಸುವ ಮಗನೂ ಹನ್ನೊಂದರವರೆಗೆ ಎಳೆಯುವ ಅತ್ತೆಯೂ ಒಂದೇ ಮನೆಯಲ್ಲಿದ್ದರೆ ಲೆಕ್ಕ ಸರಿಹೋಗುತ್ತದೆ.

ಐದನೇ ಹಂತ: ದುಬೈಯಲ್ಲಿರುವ ಮಗನನ್ನು ವಿಡಿಯೊ ಕಾಲ್‌ನಲ್ಲಿ ಸೇರಿಸಿಕೊಂಡು ಫೋನನ್ನು ಹೂದಾನಿಗೆ ಒರಗಿಸಿಡಿ. ಇಲ್ಲಿ ರಾತ್ರಿ ಎಂಟಾದಾಗ ಅಲ್ಲಿ ಆರೂವರೆ. ಅವನು ರಸ್ತೆಯಲ್ಲಿ ಸಿಕ್ಕಿಬಿದ್ದಿರುತ್ತಾನೆ. ಅವನ ದನಿ ಎರಡು ಸೆಕೆಂಡು ತಡವಾಗಿ ಬರುವುದರಿಂದ ಪ್ರತಿ ಪ್ರಾರ್ಥನೆಗೂ ಎರಡು ‘ಆಮೆನ್’. ಇದು ದೋಷವಲ್ಲ.

ಹೆಚ್ಚುವರಿ ಜೋಡಣೆಗಳು: ತೇರ್ಸ್ ಮುಗಿಯಿತು ಎನ್ನುವಾಗ ಮಾತೆಯ ಸ್ತುತಿಮಾಲೆ, ಶುದ್ಧೀಕರಣ ಸ್ಥಳದ ಆತ್ಮಗಳಿಗೆ ಒಂದು ಪ್ರಾರ್ಥನೆ, ಹಾಸಿಗೆ ಹಿಡಿದ ದೊಡ್ಡಮ್ಮನಿಗೆ ಒಂದು, ವೀಸಾಕ್ಕೆ ಒಂದು, ಕಳೆದ ಬೀರು ಕೀ ಸಿಗಲೆಂದು ಸಂತ ಅಂತೋನಿಯವರಿಗೆ ಒಂದು. ಹೊಸ ಜೋಡಣೆಯನ್ನು ಯಾರು ಬೇಕಾದರೂ ಸೇರಿಸಬಹುದು. ಒಮ್ಮೆ ಸೇರಿಸಿದ್ದನ್ನು ತೆಗೆಯುವ ವಿಧಾನ ಈ ಕೈಪಿಡಿಯಲ್ಲಿ ಇಲ್ಲ. ಕೀ ಸಿಕ್ಕ ಮೇಲೂ ಅಂತೋನಿಯವರ ಪ್ರಾರ್ಥನೆ ಮುಂದುವರಿಯುತ್ತದೆ.

ಬಿಡಲೇಬಾರದ ಹಂತ: ಬೆಸಾಂವ್, ಅಂದರೆ ಆಶೀರ್ವಾದ. ಚಿಕ್ಕವರು ಮನೆಯ ಪ್ರತಿ ಹಿರಿಯರ ಮುಂದೆಯೂ ಕೈಮುಗಿದು ಅದನ್ನು ಕೇಳಬೇಕು, ಹಿರಿಯರು ಕೊಡಬೇಕು. ಇಷ್ಟು ಹೊತ್ತು ಹೇಳಿದ್ದೆಲ್ಲ ಈ ಅರ್ಧ ನಿಮಿಷಕ್ಕೆ ದಾರಿ ಎಂದರೂ ತಪ್ಪಿಲ್ಲ. ಬೆಳಿಗ್ಗೆ ಬೈಕಿಗಾಗಿ ಜಗಳವಾಡಿ ದಿನವಿಡೀ ಮಾತು ಬಿಟ್ಟ ಅಪ್ಪ ಮಗ ಈಗ ಎದುರುಬದುರು ನಿಲ್ಲಲೇಬೇಕು. ಮಗ ನೆಲ ನೋಡಿಕೊಂಡು ಕೇಳಬಹುದು, ಅಪ್ಪ ಗೋಡೆ ನೋಡಿಕೊಂಡು ತಲೆ ಮುಟ್ಟಬಹುದು. ಹಾಗೆ ಮಾಡಿದರೂ ನಡೆಯುತ್ತದೆ. ಕ್ಷಮೆ ಕೇಳಲು ಬಾಯಿ ಬಾರದ ಮನೆಗಳಿಗೆ ಹಿರಿಯರು ಮಾಡಿಟ್ಟ ಏರ್ಪಾಡು ಇದು.

ಉಪವಾಸ: ತಾಂತ್ರಿಕ ವಿವರ

ಹಿಂದಿನವರ ಉಪವಾಸ ಬಲು ಕಠಿಣ. ಮಧ್ಯಯುಗದ ಯುರೋಪಿನಲ್ಲಿ ಮೊಟ್ಟೆ, ಹಾಲು, ಬೆಣ್ಣೆಯೂ ವರ್ಜ್ಯವಾಗಿದ್ದವು. 1966ರಲ್ಲಿ ಪೋಪ್ ಆರನೇ ಪಾಲ್ ನಿಯಮವನ್ನು ಹಗುರ ಮಾಡಿದರು. ಈಗ ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ, ಶುಭ ಶುಕ್ರವಾರ. ಅಂದು ಒಂದು ಪೂರ್ತಿ ಊಟ, ಜೊತೆಗೆ ಎರಡು ಸಲ ಅಲ್ಪಾಹಾರ. ಇದು 18 ತುಂಬಿದವರಿಂದ 59ರವರೆಗಿನವರಿಗೆ. ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ಬಿಡುವ ನಿಯಮ 14 ತುಂಬಿದ ಎಲ್ಲರಿಗೂ.

ಮನೆಯಲ್ಲಿ ಇದು ಜಾರಿಯಾಗುವ ಬಗೆ ಬೇರೆ. ವಿನಾಯಿತಿ ಸಿಕ್ಕಿ ಇಪ್ಪತ್ತು ವರ್ಷ ಕಳೆದ ಅಜ್ಜಿ ನಲವತ್ತು ದಿನವೂ ಒಪ್ಪೊತ್ತು ಉಣ್ಣುತ್ತಾರೆ. ಯಾವ ವಿನಾಯಿತಿಯೂ ಇಲ್ಲದ ಇಪ್ಪತ್ತೈದರ ಮೊಮ್ಮಗನಿಗೆ ಆ ಎರಡು ದಿನವೇ ಗ್ಯಾಸ್ಟ್ರಿಕ್.

ಇನ್ನು ಮೀನಿನ ವಿಷಯ. ಧರ್ಮಸಭೆಯ ಕಾನೂನಿನಲ್ಲಿ ಮೀನು ಮಾಂಸವಲ್ಲ. ಸಮುದ್ರದಿಂದ ದೂರದ ಊರುಗಳಲ್ಲಿ ಅದು ಬಡವರ ಊಟವೋ ಏನೋ, ನಮ್ಮ ಕರಾವಳಿಯಲ್ಲಿ ಅದು ಹಬ್ಬ. ಶುಕ್ರವಾರ ಹಂದಿಮಾಂಸ ತ್ಯಾಗ ಮಾಡಿದ ಮನೆಯಲ್ಲಿ ಅಂಜಲ್ ಫ್ರೈ, ಸಿಗಡಿ ಗಸಿ, ಮರುವಾಯಿ ಸುಕ್ಕ. ಕಾಣೆ ಸಿಗಲಿಲ್ಲ ಎಂಬ ಕೊರಗೊಂದೇ ಅಂದಿನ ಪ್ರಾಯಶ್ಚಿತ್ತ. ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31ರ ತನಕ. ತಪಸ್ಸುಕಾಲ ಆ ಎರಡು ತಿಂಗಳಲ್ಲಿ ಬಂದಿದ್ದರೆ ಉಪವಾಸವೆಂದರೇನೆಂದು ಈ ಕರಾವಳಿಗೆ ತಿಳಿಯುತ್ತಿತ್ತು.

ದೋಷ ನಿವಾರಣೆ

ದೋಷ: ಪ್ರಾರ್ಥನೆಯ ನಡುವೆ ಮಕ್ಕಳಿಗೆ ನಗು ತಡೆಯಲಾಗುತ್ತಿಲ್ಲ. ಪರಿಹಾರ: ಅವರನ್ನು ಬೇರೆ ಬೇರೆ ಕೂರಿಸಿ. ನಗು ದೊಡ್ಡವರಿಗೂ ಹರಡಿದರೆ ಆ ಹತ್ತನ್ನು ಮೊದಲಿನಿಂದ ಹೇಳಿ.

ದೋಷ: ಅಪ್ಪ ಮೂರನೇ ರಹಸ್ಯದಲ್ಲಿ ನಿದ್ದೆ ಹೋಗುತ್ತಾರೆ. ಪರಿಹಾರ: ಮೂರನೆಯದನ್ನು ಅವರಿಗೇ ಕೊಡಿ.

ದೋಷ: ಕುಕ್ಕರ್ ಸೀಟಿ. ಪರಿಹಾರ: ಅಮ್ಮ ಒಬ್ಬರೇ ಏಳುವುದನ್ನು ನಿಲ್ಲಿಸಿ. ಅಡುಗೆಮನೆಯಿಂದಲೇ ಅರ್ಧ ತೇರ್ಸ್ ಹೇಳುವ ಒಬ್ಬರಿರುವ ಮನೆಯಲ್ಲಿ ಯಂತ್ರ ಪೂರ್ತಿ ಓಡುತ್ತಿಲ್ಲ ಎಂದೇ ಅರ್ಥ.

ದೋಷ: ಯೇಸುವಿನ ಯಾತನೆಯನ್ನು ನೆನೆಯುತ್ತ ಸ್ಥಳದಿಂದ ಸ್ಥಳಕ್ಕೆ ಸಾಗುವ ಶಿಲುಬೆಯ ಹಾದಿಯಲ್ಲಿ ಮಕ್ಕಳು ಸ್ಥಳ ಇನ್ನೆಷ್ಟು ಉಳಿದಿದೆ ಎಂದು ಕೇಳುತ್ತಲೇ ಇರುತ್ತಾರೆ. ಪರಿಹಾರ: ಒಟ್ಟು 14; 1731ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಈ ಸಂಖ್ಯೆಯನ್ನು ನಿಗದಿಪಡಿಸಿದ ಮೇಲೆ ಚೌಕಾಸಿಗೆ ಅವಕಾಶವಿಲ್ಲ.

ಪವಿತ್ರ ವಾರದ ವಿಶೇಷ ಚಾಲನೆ

ಪಾಸ್ಕಕ್ಕೆ ಮುಂಚಿನ ಪವಿತ್ರ ಗುರುವಾರ ಇಗರ್ಜಿಯಲ್ಲಿ ಗುರುಗಳು ಭಕ್ತರ ಪಾದ ತೊಳೆಯುತ್ತಾರೆ. 2016ರಿಂದ ಹೆಂಗಸರ ಪಾದವನ್ನೂ ತೊಳೆಯಬಹುದು ಎಂದು ನಿಯಮ ಬದಲಾಗಿದೆ. ಇದನ್ನು ಮನೆಯಲ್ಲಿ ಮಾಡಿ ನೋಡಿ: ಒಂದು ಬೇಸಿನ್, ಬಿಸಿನೀರು, ಟವೆಲ್. ಗಂಡ ಹೆಂಡತಿಯ ಕಾಲು ತೊಳೆಯಲಿ, ಅತ್ತೆ ಸೊಸೆಯ ಕಾಲು ತೊಳೆಯಲಿ. ಈ ಸಾಧನದ ಅತ್ಯಂತ ಶಕ್ತಿಶಾಲಿ ಗುಂಡಿ ಇದು. ಹೆಚ್ಚಿನ ಮನೆಗಳಲ್ಲಿ ಇದರ ಪ್ಲಾಸ್ಟಿಕ್ ಹೊದಿಕೆಯನ್ನೇ ಯಾರೂ ತೆಗೆದಿಲ್ಲ.

ವಾರಂಟಿ

ಐರ್ಲೆಂಡಿನಲ್ಲಿ ಹುಟ್ಟಿದ ಪ್ಯಾಟ್ರಿಕ್ ಪೇಟನ್ ಎಂಬ ಗುರುಗಳು 1942ರಲ್ಲಿ ಅಮೆರಿಕದಲ್ಲಿ ಕುಟುಂಬ ಜಪಮಾಲೆಯ ಆಂದೋಲನ ಶುರು ಮಾಡಿದರು. ಕೂಡಿ ಪ್ರಾರ್ಥಿಸುವ ಕುಟುಂಬ ಕೂಡಿ ಬಾಳುತ್ತದೆ ಎಂಬ ಮಾತನ್ನು ಲೋಕವೆಲ್ಲ ಹರಡಿದವರು ಅವರೇ. ಗಮನಿಸಿ: ಜಗಳವಾಡದೆ ಬಾಳುತ್ತದೆ ಎಂದು ಅವರು ಎಲ್ಲೂ ಭರವಸೆ ಕೊಟ್ಟಿಲ್ಲ. ಆಸ್ತಿ ಪಾಲು, ಪರೀಕ್ಷೆಯ ಅಂಕ, ಅಳಿಯನ ನಡತೆ ಈ ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ. ಇಷ್ಟು ಜನ ದಿನಕ್ಕೊಮ್ಮೆ ಒಂದೇ ಕೋಣೆಯಲ್ಲಿ, ಒಂದೇ ಕಡೆ ಮುಖ ಮಾಡಿ, ಕೈಯಲ್ಲಿ ಫೋನಿಲ್ಲದೆ ಕೂರುತ್ತಾರೆ ಎಂಬುದಕ್ಕೆ ಮಾತ್ರ ವಾರಂಟಿ ಉಂಟು. ಇವತ್ತಿನ ಮನೆಗಳಲ್ಲಿ ಅದೇನು ಸಣ್ಣದಲ್ಲ.

ಬಳಕೆದಾರರಿಗೆ ಕೊನೆಯ ಸೂಚನೆ

ಎರಡನೇ ಶತಮಾನದ ರೋಮಿನಲ್ಲಿ ಹೆರ್ಮಾಸ್ ಎಂಬಾತ ಬರೆದ ಪುಸ್ತಕದಲ್ಲಿ ಉಪವಾಸದ ವಿಧಾನ ಹೀಗಿದೆ: ಅಂದು ಉಣ್ಣದೆ ಉಳಿಸಿದ ಊಟದ ಬೆಲೆಯನ್ನು ಲೆಕ್ಕ ಹಾಕಿ, ಅದನ್ನು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡಬೇಕು. ಹೊಟ್ಟೆ ಖಾಲಿ ಬಿಟ್ಟ ಮಾತ್ರಕ್ಕೆ ಉಪವಾಸ ಮುಗಿಯಲಿಲ್ಲ. ಆ ಊಟ ಇನ್ನೊಬ್ಬರ ತಟ್ಟೆ ಸೇರಬೇಕು. ನಾವು ಮಾಂಸ ಬಿಟ್ಟು ಅದಕ್ಕಿಂತ ದುಬಾರಿ ಮೀನು ತಂದು, ದಾನಕ್ಕೆಂದು ಇಗರ್ಜಿಯಲ್ಲಿ ಮಕ್ಕಳಿಗೆ ಕೊಟ್ಟ ರಟ್ಟಿನ ಡಬ್ಬಿಗೆ ಚಿಲ್ಲರೆ ಹಾಕುತ್ತಿದ್ದೇವೆ. ನಿಯಮ ಪಾಲನೆಯಾಯಿತು, ಯಂತ್ರ ಮಾತ್ರ ಖಾಲಿ ತಿರುಗಿತು. ಆದ್ದರಿಂದ ಈ ಸಲ ಒಂದು ಶುಕ್ರವಾರವಾದರೂ ಗಂಜಿ, ಉಪ್ಪಿನಕಾಯಿಯಲ್ಲಿ ಊಟ ಮುಗಿಸಿ. ಅಂದಿನ ಅಂಜಲಿನ ಪೂರ್ತಿ ದುಡ್ಡನ್ನು ಮಕ್ಕಳ ಕೈಯಿಂದಲೇ ಆ ಡಬ್ಬಿಗೆ ಹಾಕಿಸಿ. ಮೀನು ಎಷ್ಟು ದುಬಾರಿಯೆಂದು ಅವರಿಗೂ ಗೊತ್ತಾಗಲಿ.