ಮೇಲಿನ ಎಲ್ಲವೂ ಸರಿ

'ಶುಭೋದಯ. ಇಂದಿನ ಮೊದಲ ಪ್ರಶ್ನೆ. ಚಾಲುಕ್ಯ ವಿಕ್ರಮ ಶಕೆ ಸುರುವಾದ ವರ್ಷ ಯಾವುದು? ಎ) 973 ಬಿ) 1042 ಸಿ) 1076 ಡಿ) 1126. ಯಾರೂ ಗೂಗಲ್ ನೋಡಬ್ಯಾಡ್ರಿ. ಬಸವಣ್ಣ ನೋಡ್ಲತ್ತಾನ.'

ಬೆಳಗಿನ ಐದೂವರೆಗೆ ಇಂಥದ್ದೊಂದು ನಿಮ್ಮ ಮೊಬೈಲಿಗೆ ಬಂದು ಬಿದ್ದರೆ, ಬಸವಕಲ್ಯಾಣದ ಯಾವುದೋ ಜಿ.ಕೆ. ಗ್ರೂಪಿಗೆ ನಿಮ್ಮನ್ನು ಯಾರೋ ಕೇಳದೆ ಸೇರಿಸಿದ್ದಾರೆ ಎಂದರ್ಥ. ಕಳಿಸಿದವರು ಕ್ವಿಜ್ ಕಾಕಾ. ಇದು ಒಬ್ಬರ ಹೆಸರಲ್ಲ, ಹುದ್ದೆ, ಓಣಿಗೊಬ್ಬರಂತೆ ಇದ್ದಾರೆ. ಬಸವಣ್ಣ ನೋಡುತ್ತಿದ್ದಾನೆ ಎಂಬುದೂ ಸುಮ್ಮನೆ ಹೆದರಿಕೆಯಲ್ಲ. ಊರಿನ 108 ಅಡಿ ಎತ್ತರದ ಬಸವಣ್ಣನ ಮೂರ್ತಿಯೇ ಗ್ರೂಪಿನ ಡಿ.ಪಿ.; ಅಷ್ಟೆತ್ತರದಿಂದ ಯಾರು ಯಾವ ಮೊಬೈಲಿನಲ್ಲಿ ಏನು ಹುಡುಕುತ್ತಿದ್ದಾರೆಂಬುದು ಕಾಣದೆ ಇರುತ್ತದೆಯೇ ಎಂಬುದು ಕಾಕಾ ಅವರ ವಾದ.

ಆ ನಾಲ್ಕು ಆಯ್ಕೆಗಳನ್ನು ಇನ್ನೊಮ್ಮೆ ನೋಡಿ. ಸರಿಯುತ್ತರ 1076, ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದು ಹಳೆಯ ಶಕೆಯನ್ನು ಬದಿಗಿಟ್ಟು ತನ್ನದೇ ಶಕೆ ಹೂಡಿದ ವರ್ಷ. ಆದರೆ 973 ತೈಲಪ ರಾಷ್ಟ್ರಕೂಟರನ್ನು ಕೆಡವಿದ್ದು, 1042 ಒಂದನೆಯ ಸೋಮೇಶ್ವರ ಪಟ್ಟವೇರಿದ್ದು, 1126 ವಿಕ್ರಮಾದಿತ್ಯನ ಆಳ್ವಿಕೆ ಮುಗಿದದ್ದು. ತಪ್ಪು ಉತ್ತರ ಕೊಟ್ಟವನೂ ಯಾವುದೋ ಒಂದು ಪ್ರಶ್ನೆಗೆ ಸರಿಯುತ್ತರವನ್ನೇ ಕೊಟ್ಟಿರಬೇಕು, ಅದು ಕಾಕಾ ಅವರ ಕಸುಬಿನ ನಿಯತ್ತು. 'ಖಾಲಿಪೀಲಿ ಆಯ್ಕಿ ಹಾಕೋದು ಕಲಬೆರಕಿ ಧಂದಾ' ಎನ್ನುತ್ತಾರೆ.

ಕಾಕಾ ಹುಟ್ಟಿನಿಂದಲೇ ಕಾಕಾ ಆಗಿರಲಿಲ್ಲ. ಒಂದು ಕಾಲಕ್ಕೆ ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ, ಹೀಗೆ ಅಕ್ಷರಮಾಲೆಯ ಎಲ್ಲ ಪರೀಕ್ಷೆಗಳನ್ನೂ ಬರೆದ ಉಮೇದುವಾರ. ಬಸ್ಸಿನಲ್ಲಿ, ಲಗ್ನದ ಮಂಟಪದಲ್ಲಿ, ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಕುಳಿತು ನೋಟ್‌ಬುಕ್ ತುಂಬಿಸಿದರು. ನೌಕರಿ ಬರಲಿಲ್ಲ, ವಯೋಮಿತಿ ಹೋಯಿತು, ಓದಿದ್ದು ಮಾತ್ರ ಹಾಗೇ ಉಳಿಯಿತು. 98ನೇ ತಿದ್ದುಪಡಿಯಿಂದ 371(ಜೆ) ಬಂದು 2013ರಲ್ಲಿ ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಸಿಗುವ ಹೊತ್ತಿಗೆ ಕಾಕಾ ಅರ್ಜಿ ಹಾಕುವ ವಯಸ್ಸು ದಾಟಿ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು. ಹಾಗಂತ ಸಿಟ್ಟಿಲ್ಲ. '371(ಜೆ) ಯಾವ ತಿದ್ದುಪಡಿ?' ಎಂದು ಅವರಷ್ಟು ಅಕ್ಕರೆಯಿಂದ ಕೇಳುವವರು ಅದರ ಲಾಭ ಪಡೆದವರಲ್ಲಿ ಒಬ್ಬರೂ ಇಲ್ಲ.

ಗಲ್ಲಾಪೆಟ್ಟಿಗೆಯ ಸಹವಾಸದಿಂದಲೋ ಏನೋ, ಕಾಕಾ ಪ್ರಶ್ನೆಯನ್ನು ದಾನ ಕೊಡುವವರಲ್ಲ, ವ್ಯಾಪಾರ ಮಾಡುವವರು. ನೀವು ಒಂದು ಪ್ರಶ್ನೆ ತಂದರೆ ಒಂದು ಪ್ರಶ್ನೆ ಒಯ್ಯಬಹುದು. ಇದಕ್ಕೊಂದು ಪೇಟೆ ಧಾರಣೆಯೂ ಇದೆ. 'ಕರ್ನಾಟಕದ ಮುಕುಟ ಯಾವ ಜಿಲ್ಲೆ?' ಎಂಬುದಕ್ಕೆ ಈಗ ಮೂರು ಕಾಸಿನ ಬೆಲೆಯಿಲ್ಲ. ನಮ್ಮೂರಿನ ಹಸುಗೂಸೂ ಬೀದರ್ ಎನ್ನುತ್ತದೆ. ವಚನಕಾರರ ಅಂಕಿತಗಳಲ್ಲಿ ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಚಿಲ್ಲರೆ ನಾಣ್ಯ. ಅದೇ ಮಡಿವಾಳ ಮಾಚಿದೇವನ ಕಲಿದೇವರದೇವ ತುಸು ತೂಕದ್ದು. ಆಯ್ದಕ್ಕಿ ಲಕ್ಕಮ್ಮನ ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂದರೆ ಬಂಗಾರ. ಒಂದು ಕೊಟ್ಟರೆ ಎದುರಿನವರು ಎರಡು ವಿಟಮಿನ್, ಒಂದು ರಾಷ್ಟ್ರೀಯ ಉದ್ಯಾನ ಕೊಡಬೇಕು. ಐದು ಗ್ರೂಪಿಗೆ ಫಾರ್ವರ್ಡ್ ಆದ ಪ್ರಶ್ನೆ ಸವಕಲು ಮಾಲು, ಅದನ್ನು ಕಾಕಾ ವಾಪಸ್ ತೆಗೆದುಕೊಳ್ಳುವುದಿಲ್ಲ.

ಈ ವ್ಯಾಪಾರದಲ್ಲಿ ಅವರ ಕಾಯಂ ಗಿರಾಕಿ ಮತ್ತು ಕಾಯಂ ವೈರಿ ಇಬ್ಬರೂ ಒಬ್ಬರೇ, ಹುಮನಾಬಾದಿನ ಗ್ರೂಪಿನ ಅಡ್ಮಿನ್. ಅವರನ್ನು ಎಲ್ಲರೂ 'ಸರ್' ಎನ್ನುತ್ತಾರೆ. ಯಾವ ಶಾಲೆಯಲ್ಲಿ ಕಲಿಸುತ್ತಿದ್ದರೆಂದು ಯಾರೂ ಕೇಳಿಲ್ಲ. ಅವರ ಗ್ರೂಪಿನ ಡಿ.ಪಿ. ಜಲಸಂಗಿ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆ. 'ನಮ್ಮ ತಾಲೂಕಿನಾಗ ಕಲ್ಲಿನ ಹೆಣ್ಣುಮಕ್ಕಳೂ ಓದು ಬರಹ ಕಲತಾರ' ಎಂಬುದು ಸರ್ ಅವರ ಘೋಷವಾಕ್ಯ. ಆ ಬಾಲಿಕೆ ಬರೆಯುತ್ತಿರುವುದು ಕಲ್ಯಾಣದ ದೊರೆ ವಿಕ್ರಮಾದಿತ್ಯನ ಹೊಗಳಿಕೆಯನ್ನು ಎಂದು ಕಾಕಾ ನೆನಪಿಸಿದ ದಿನ ಹುಮನಾಬಾದ್ ಗ್ರೂಪ್ ಇಡೀ ಮಧ್ಯಾಹ್ನ ಮೌನವಾಗಿತ್ತು. ಸಂಜೆಗೆ ಉತ್ತರ ಬಂತು:

'ಬಸವಕಲ್ಯಾಣ ಪಟ್ಟಣದ ರೈಲು ನಿಲ್ದಾಣ ಉದ್ಘಾಟನೆಯಾದ ವರ್ಷ? ಎ) 1956 ಬಿ) 2013 ಸಿ) 2017 ಡಿ) ನಿಲ್ದಾಣವೇ ಇಲ್ಲ.'

ಇದು ಹೊಟ್ಟೆಗೆ ಬಿದ್ದ ಏಟು. ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದಾಗಿನಿಂದ ಹುಮನಾಬಾದಿನವರು ರೈಲಿನ ಸುದ್ದಿ ತೆಗೆಯದೆ ಚಹಾ ಕುಡಿಯುವುದಿಲ್ಲ. ಕಲ್ಯಾಣಕ್ಕೆ ಹೋಗುವವರು ಇಂದಿಗೂ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಆಟೋ ಹುಡುಕಬೇಕು. ಕಾಕಾ ಹತ್ತು ನಿಮಿಷ 'ಟೈಪಿಂಗ್' ಎಂದು ತೋರಿಸಿದರು, ನಿಲ್ಲಿಸಿದರು, ಮತ್ತೆ ತೋರಿಸಿದರು. ಕೊನೆಗೆ ಬಂದದ್ದು ಇಷ್ಟೇ: 'ಹುಮನಾಬಾದ್ ಯಾವ ಸಾಮ್ರಾಜ್ಯದ ರಾಜಧಾನಿಯಾಗಿತ್ತು? ಎ) ಚಾಲುಕ್ಯ ಬಿ) ಕಳಚುರಿ ಸಿ) ಬಹಮನಿ ಡಿ) ಯಾವುದೂ ಅಲ್ಲ.'

ಅಲ್ಲಿಂದ ಮುಂದೆ ಒಂದು ವಾರ ಎರಡೂ ತಾಲೂಕುಗಳ ನಡುವೆ ಪ್ರಶ್ನೆಗಳ ಆಮದು ರಫ್ತು ಬಂದ್. ಸಂಧಾನವಾದದ್ದು ಮಾಣಿಕಪ್ರಭುಗಳಿಂದ. ಹುಟ್ಟಿದ್ದು ಕಲ್ಯಾಣದ ಬದಿಯ ಲಾಡವಂತಿಯಲ್ಲಿ, ನೆಲೆಸಿದ್ದು ಹುಮನಾಬಾದಿನ ಮಾಣಿಕನಗರದಲ್ಲಿ. ಅವರ ಮೇಲಿನ ಪ್ರಶ್ನೆಯಲ್ಲಿ ಇಬ್ಬರಿಗೂ ಅರ್ಧರ್ಧ ಪಾಲು.

ಆದರೆ ಈ ಕಸುಬಿನ ದೊಡ್ಡ ವ್ಯಾಜ್ಯ ಬೇರೆ. 'ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದವರು ಯಾರು?' ಎಂದು ಸರ್ ಒಮ್ಮೆ ಕೇಳಿದರು. ಉತ್ತರ ಮೋಳಿಗೆಯ ಮಾರಯ್ಯ. ರಾಜ್ಯ ಬಿಟ್ಟು ಬಂದು ಇಲ್ಲಿ ಕಟ್ಟಿಗೆ ಹೊರೆ ಮಾರಿದವನೆಂದು ಶರಣರ ಕಥೆಗಳು ಹೇಳುತ್ತವೆ. ಕಾಕಾ ಅದೇ ಕ್ಷಣ ಬಿಲ್ಹಣನನ್ನು ಹಾಜರುಪಡಿಸಿದರು. ಅವನೂ ಕಾಶ್ಮೀರದವನೇ, ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು ವಿಕ್ರಮಾಂಕದೇವಚರಿತ ಬರೆದವನು. ಇಡೀ ಗ್ರೂಪು ಕಟ್ಟಿಗೆಯವರು, ಕವಿಯವರು ಎಂದು ಎರಡು ಹೋಳಾಯಿತು. ಕೀ ಉತ್ತರ ಪ್ರಕಟವಾಯಿತು, ಆಕ್ಷೇಪಣೆ ಆಹ್ವಾನಿಸಲಾಯಿತು, ಪರಿಷ್ಕೃತ ಕೀ ಉತ್ತರ ಬಂತು, ಅದಕ್ಕೂ ಆಕ್ಷೇಪಣೆ ಬಂತು. ಕೃಪಾಂಕ ಕೊಡಿ ಎಂದವರು ಕೆಲವರು. ಕಾಲು ಅಂಕ ಕಡಿತದ ಮಾತು ಎತ್ತಿದ ಒಬ್ಬ ಹುಡುಗನನ್ನು ರಿಮೂವ್ ಮಾಡಲಾಯಿತು. ಯಾರೋ ತಮಾಷೆಗೆ, ಈ ಚಳಿಗಾಲದಲ್ಲಿ ಚೌಕದಲ್ಲಿ ಶಾಲು ಮಾರಲು ಬಂದವರನ್ನೂ ಲೆಕ್ಕ ಹಿಡಿಯಿರಿ ಎಂದರು. ಇಬ್ಬರು ಅಡ್ಮಿನ್‌ಗಳಿಗೂ ನಗು ಬರಲಿಲ್ಲ.

ಇದೆಲ್ಲ ಮೊಬೈಲಿನಿಂದ ಬಂದ ರೋಗವೆಂದು ಮನೆಯವರು ಬಯ್ಯುತ್ತಾರೆ. ಮೊಬೈಲಿನ ಮೇಲೆ ಗೂಬೆ ಕೂರಿಸುವುದು ಅನ್ಯಾಯ. ಇದು ಈ ನೆಲದ ನೀರಿನಲ್ಲೇ ಇದೆ. ಹರದೇಶಿ–ನಾಗೇಶಿ ಲಾವಣಿಯವರು ರಾತ್ರಿಯಿಡೀ ಒಬ್ಬರಿಗೊಬ್ಬರು ಸವಾಲು ಹಾಕಿ ಜವಾಬು ಪಡೆದು ಬೆಳಗು ಮಾಡುತ್ತಿದ್ದದ್ದು ಇದೇ ಸೀಮೆಯಲ್ಲಿ. ಇನ್ನೂ ಹಿಂದಕ್ಕೆ ಹೋದರೆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಕಲ್ಯಾಣದಲ್ಲಿ ಕುಳಿತು ಮಾನಸೋಲ್ಲಾಸವೆಂಬ ನೂರು ಅಧ್ಯಾಯಗಳ ಹೊತ್ತಗೆ ಬರೆದ. ಆನೆ ಹಿಡಿಯುವುದು, ಮೀನು ಹಿಡಿಯುವುದು, ಅಡುಗೆ, ರತ್ನಪರೀಕ್ಷೆ, ರಾಜ್ಯ ಕಳೆದುಕೊಳ್ಳದಿರುವುದು, ಸಂಗೀತ ಎಲ್ಲವನ್ನೂ ಅದರಲ್ಲಿ ತುಂಬಿದ. ರಾಜರು ಹೊತ್ತು ಕಳೆಯುವ ಆಟಗಳ ಪಟ್ಟಿಯಲ್ಲಿ ಒಗಟು ಕೇಳುವುದಕ್ಕೂ ಒಂದು ಜಾಗ ಕೊಟ್ಟ. ಅವನಿಗೆ ಸಿಕ್ಕ ಬಿರುದು ಸರ್ವಜ್ಞ ಚಕ್ರವರ್ತಿ. ಊರಿನ ದೊರೆಗೇ ಎಲ್ಲ ಗೊತ್ತಿರುವ ಚಟ ಇದ್ದ ಮೇಲೆ ಬಟ್ಟೆ ಅಂಗಡಿಯವರಿಗೆ ಬಂದರೆ ತಪ್ಪೇನು? ಕಾಕಾ ಈ ವಂಶಾವಳಿಯನ್ನು ಗಂಭೀರವಾಗಿಯೇ ಹೇಳಿಕೊಳ್ಳುತ್ತಾರೆ. ಅನುಭವ ಮಂಟಪದಲ್ಲಿಯೂ ಪ್ರಶ್ನೆ ಕೇಳುತ್ತಿದ್ದರಲ್ಲ, ಅಲ್ಲಿ ಎ, ಬಿ, ಸಿ, ಡಿ ಇರಲಿಲ್ಲವಲ್ಲ ಎಂದು ಒಬ್ಬ ಕಾಲೇಜು ಹುಡುಗಿ ಕೆಣಕಿದಾಗ ಅವರು ತಡಮಾಡದೆ ಹೇಳಿದರು: 'ಅದಕ್ಕೇ ನೋಡವ್ವ, ಪಾಪ, ಅವರಿಗಿ ಅಷ್ಟೊಂದ್ ವಚನ ಬರೀಬೇಕಾಯ್ತು.'

ಕಾಕಾ ಅವರ ನಿಜವಾದ ಶತ್ರು ಸರ್ಕಾರ. ಸರ್ಕಾರ ಸುಮ್ಮನಿರುವುದಿಲ್ಲ, ಉತ್ತರಗಳನ್ನು ಬದಲಿಸುತ್ತಲೇ ಇರುತ್ತದೆ. ಬೀದರ್ ಜಿಲ್ಲೆಗೆ ಐದು ತಾಲೂಕು ಎಂದು ಬಾಯಿಪಾಠವಾಗಿತ್ತು. ಹುಲಸೂರು, ಚಿಟಗುಪ್ಪ, ಕಮಲನಗರ ಸೇರಿ ಎಂಟಾದವು. ಅದರಲ್ಲಿ ಹುಲಸೂರು ಕಲ್ಯಾಣದಿಂದ, ಚಿಟಗುಪ್ಪ ಹುಮನಾಬಾದಿನಿಂದ ಕಿತ್ತುಕೊಂಡದ್ದು. ನಷ್ಟ ಸಮಸಮ ಆದದ್ದರಿಂದ ಜಗಳವಾಗಲಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಇದೊಂದು ಬದಲಾವಣೆಗೆ ಮಾತ್ರ ಕಾಕಾ ಪೇಢಾ ಹಂಚಿದರು. ತಮ್ಮ ಊರಿನ ಹೆಸರನ್ನೇ ಇಡೀ ಪ್ರಾಂತಕ್ಕೆ ಇಟ್ಟರು ಎಂಬ ಗತ್ತು. ಸರ್ ಪೇಢಾ ಮುಟ್ಟಲಿಲ್ಲ ಎಂದು ಸುದ್ದಿ. 2021ರಲ್ಲಿ ವಿಜಯನಗರ 31ನೇ ಜಿಲ್ಲೆಯಾದಾಗ ಕಾಕಾ ಕೆಂಪು ಪೆನ್ನು ಹಿಡಿದು ಹಳೆಯ ನೋಟ್‌ಬುಕ್ಕುಗಳ ಮುಂದೆ ಕುಳಿತರು. ಹಾಕಿ ನಮ್ಮ ರಾಷ್ಟ್ರೀಯ ಆಟವೆಂದು ಯಾರೂ ಅಧಿಕೃತವಾಗಿ ಘೋಷಿಸಿಲ್ಲ ಎಂಬುದನ್ನು ಮಾತ್ರ ಇವತ್ತಿಗೂ ಒಪ್ಪಿಕೊಂಡಿಲ್ಲ. ಆ ಉತ್ತರಕ್ಕೆ ಎರಡನೇ ಇಯತ್ತೆಯಲ್ಲಿ ಅವರಿಗೆ ಪೆನ್ಸಿಲ್ ಬಹುಮಾನ ಬಂದಿದೆ.

ವಾಟ್ಸಾಪಿನವರು ಗ್ರೂಪಿನ ಮಿತಿಯನ್ನು 256ರಿಂದ 512ಕ್ಕೆ, ಅಲ್ಲಿಂದ 1024ಕ್ಕೆ ಏರಿಸಿದ್ದು ಒಂದೇ ವರ್ಷ, 2022ರಲ್ಲಿ. ಕಾಕಾ ಅದನ್ನೇ ಪ್ರಶ್ನೆ ಮಾಡಿ ಕೇಳಿದರು, ಉತ್ತರಿಸಿದವರು ನಾಲ್ಕು ಜನ. ಉಳಿದವರು ಲಗ್ನಪತ್ರಿಕೆ, ಪ್ಲಾಟ್ ಮಾರಾಟದ ಜಾಹೀರಾತು ಹಾಕಿ ಮಲಗುವವರು. ಉತ್ತರ ಬರುವ ವೇಗದಲ್ಲೇ ಕಾಕಾ ನಾಡಿ ಹಿಡಿಯುತ್ತಾರೆ: ಆಗಿಂದಾಗ ಬಂದರೆ ಖರೇ ಓದಿದವನು, ತುಸು ತಡವಾದರೆ ಗೂಗಲ್, ಬಹಳ ತಡವಾಗಿ, ಒಂದೂ ಕಾಗುಣಿತ ತಪ್ಪಿಲ್ಲದೆ ಬಂದರೆ ಮಗಳ ಕೈಯಿಂದ ಬರೆಸಿದ್ದು. ಈಚೆಗೆ ಹುಡುಗರು ಕೃತಕ ಬುದ್ಧಿಯನ್ನು ಕೇಳಲು ಸುರುಮಾಡಿದ್ದಾರೆ. ಅದು ಒಮ್ಮೆ ಮಾನಸೋಲ್ಲಾಸವನ್ನು ವಿಕ್ರಮಾದಿತ್ಯನ ತಲೆಗೆ ಕಟ್ಟಿತಂತೆ. ಕಾಕಾ ಆ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ ಅಂಗಡಿಯಲ್ಲಿ ಲಕ್ಷ್ಮಿ ಫೋಟೋದ ಪಕ್ಕ ಅಂಟಿಸಿದ್ದಾರೆ.

ಚಂದನದಲ್ಲಿ 'ಥಟ್ ಅಂತ ಹೇಳಿ' ಹತ್ತಿದರೆ ಮನೆಯಲ್ಲಿ ಯಾರೂ ಮಿಕ್ಸರ್ ಹಾಕುವಂತಿಲ್ಲ. 2002ರಿಂದ ನಡೆದಿರುವ ಆ ಕಾರ್ಯಕ್ರಮದಲ್ಲಿ ಗೆದ್ದವರಿಗೆ ನಾ. ಸೋಮೇಶ್ವರರು ಪುಸ್ತಕ ಕೊಡುತ್ತಾರೆ. ಕಾಕಾ ಸೋಫಾದಲ್ಲಿ ಕುಳಿತು ಗೆದ್ದ ಪುಸ್ತಕಗಳನ್ನು ಲೆಕ್ಕ ಹಾಕಿದರೆ ಒಂದು ತಾಲೂಕು ಗ್ರಂಥಾಲಯವಾಗುತ್ತದೆ. ಕಾಕು ಈ ಹೊತ್ತಿಗೆ ಸರಿಯಾಗಿ ಒಂದು ಪ್ರಶ್ನೆ ಕೇಳುತ್ತಾರೆ: 'ಗ್ಯಾಸ್ ಬುಕ್ ಮಾಡೀರೇನ್?' ಆಯ್ಕೆಗಳಿಲ್ಲ, ಲೈಫ್‌ಲೈನ್ ಇಲ್ಲ. ಕಾಕಾ ಪಾಸ್ ಎನ್ನುತ್ತಾರೆ.

ಇನ್ನೊಂದು ವಿಷಯದಲ್ಲಿಯೂ ಅವರು ಪಾಸ್. ಮಿತಾಕ್ಷರ ಬರೆದವರು ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿಗೆ ಇದೇ ಕಲ್ಯಾಣದಲ್ಲಿ ಬರೆದ ವ್ಯಾಖ್ಯಾನ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ದಾಯಭಾಗ ನಡೆಯುವ ಬಂಗಾಳ, ಅಸ್ಸಾಂ ಬಿಟ್ಟು ದೇಶದ ಉಳಿದ ಬಹುತೇಕ ಕಡೆ ಇದರದೇ ಅಧಿಕಾರ. ಇಷ್ಟನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅವರ ಮತ್ತು ಅವರ ತಮ್ಮನ ನಡುವಿನ ತೊಗರಿ ಹೊಲದ ಪಾಲಿನ ಕೇಸು ಮಾತ್ರ ವರ್ಷಗಳಿಂದ ಕೋರ್ಟಿನಲ್ಲಿ ತಾರೀಖು ತಿನ್ನುತ್ತಿದೆ. ತಮ್ಮನೂ ಗ್ರೂಪಿನಲ್ಲಿದ್ದಾನೆ. ಕೋರ್ಟಿನ ಹೊರಗೆ ಮುಖ ತಿರುಗಿಸುವ ಅಣ್ಣ ತಮ್ಮ ಬೆಳಗ್ಗೆ ಐದೂವರೆಗೆ ಮಾತ್ರ ಮಾತಾಡುತ್ತಾರೆ: ಇವರು 'ಮಿತಾಕ್ಷರದ ಕರ್ತೃ?' ಎನ್ನುತ್ತಾರೆ, ಅವನು 'ಬಿ' ಎನ್ನುತ್ತಾನೆ, ಇವರು ಹೆಬ್ಬೆರಳು ಎತ್ತುತ್ತಾರೆ. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ತಿದ್ದುಪಡಿಯ ವರ್ಷ 2005 ಎಂಬುದು ಇಬ್ಬರಿಗೂ ಗೊತ್ತು. ಅಕ್ಕ ಇರುವ ಗ್ರೂಪಿನಲ್ಲಿ ಆ ಪ್ರಶ್ನೆಯನ್ನು ಇಬ್ಬರೂ ಹಾಕುವುದಿಲ್ಲ.

ಕಾಕಾ ಮತ್ತು ಸರ್ ಮುಖಾಮುಖಿ ಭೇಟಿಯಾದದ್ದು ಒಂದೇ ಸಲ, ಹುಮನಾಬಾದಿನ ಒಂದು ಲಗ್ನದಲ್ಲಿ. ಯಾರೋ ಪರಿಚಯ ಮಾಡಿಸಿ ಅಕ್ಕಪಕ್ಕ ಕೂರಿಸಿಬಿಟ್ಟರು. ಇಬ್ಬರೂ ನಮಸ್ಕಾರ ಮಾಡಿದರು. ಆಮೇಲೆ ಮಾತೇ ಹೊರಡಲಿಲ್ಲ. ಮಳೆ, ಬೆಳೆ, ಮಕ್ಕಳ ನೌಕರಿ ಯಾವುದನ್ನು ಹೇಗೆ ಸುರುಮಾಡಬೇಕೆಂದು ತೋಚದೆ ಎದುರಿನ ಬಾಜಾ ಬಜಂತ್ರಿಯವರನ್ನು ನೋಡುತ್ತ ಕುಳಿತರು. ಕೊನೆಗೆ ಸರ್ ಜೇಬಿನಿಂದ ಮೊಬೈಲ್ ತೆಗೆದು ಏನೋ ಒತ್ತಿದರು, ಕಾಕಾ ಅವರ ಜೇಬಿನಲ್ಲಿ ಗಂಟೆ ಬಡಿಯಿತು. ಕಾಕಾ ಓದಿ, ನಕ್ಕು, ತಿರುಗಿ ಒತ್ತಿದರು. ಹೀಗೆ ಅರ್ಧ ತಾಸು, ಒಂದೇ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕುಳಿತು, ಇಬ್ಬರೂ ಭಾರೀ ಹರಟೆ ಹೊಡೆದರು. ಊಟಕ್ಕೆ ಕರೆ ಬಂದಾಗ ಒಟ್ಟಿಗೇ ಎದ್ದು ಒಂದೇ ಪಂಕ್ತಿಯಲ್ಲಿ ಕುಳಿತರು. ಬಡಿಸುವ ಹುಡುಗ ಎರಡು ಬಕೆಟ್ ಹಿಡಿದು ಬಂದು, 'ಕಾಕಾ, ಹುಗ್ಗಿ ಹಾಕ್ಲ್ಯಾ, ಬುಂದಿ ಹಾಕ್ಲ್ಯಾ?' ಎಂದು ಕೇಳಿದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ ಗಂಟಲು ಸರಿಮಾಡಿಕೊಂಡು ಕೇಳಿದರು: 'ಸಿ ಮತ್ತ ಡಿ ಯಾನ್ ಅದಾವೋ ತಮ್ಮಾ?'