ಟೋರಿ ಪಕ್ಷ: ಬಳಕೆ ಮತ್ತು ದುರಸ್ತಿ ಕೈಪಿಡಿ

ಬಳಸುವ ಮುನ್ನ ಓದಿ

ಬ್ರಿಟನ್ನಿನ ಕನ್ಸರ್ವೇಟಿವ್ ಅಥವಾ ಟೋರಿ ಪಕ್ಷದ ನಾಯಕತ್ವ ವಹಿಸಿಕೊಂಡ ತಮಗೆ ಅಭಿನಂದನೆಗಳು. ತಮಗಿಂತ ಮೊದಲು ಇದೇ ಕೈಪಿಡಿ ಪಡೆದವರು ಇದನ್ನು ಓದಲಿಲ್ಲ. ಕೆಲವರಿಗೆ ಓದುವಷ್ಟು ಸಮಯ ಸಿಗಲಿಲ್ಲ.

ತಮ್ಮ ಕೈಯಲ್ಲಿರುವುದು 1834ರ ಮಾದರಿ. ಆ ವರ್ಷ ರಾಬರ್ಟ್ ಪೀಲ್ ತಮ್ಮ ಟ್ಯಾಮ್‌ವರ್ತ್ ಕ್ಷೇತ್ರದ ಮತದಾರರಿಗೆ ಹೊರಡಿಸಿದ ಪ್ರಣಾಳಿಕೆಯೇ ಇದರ ಮೂಲ ನಕ್ಷೆ. ಬೇಕಾದ ಸುಧಾರಣೆ ಮಾಡಿ, ಬುಡ ಅಲುಗದಂತೆ ನೋಡಿಕೊಳ್ಳಿ ಎಂಬುದು ಅದರ ಸಾರ. 1846ರಲ್ಲಿ ಪೀಲ್ ಧಾನ್ಯದ ಆಮದು ಸುಂಕ ತೆಗೆದರು. ಪಕ್ಷ ಎರಡು ಹೋಳಾಯಿತು, ಮತ್ತೆ ಗಟ್ಟಿ ಬಹುಮತ ಕಾಣಲು 1874ರವರೆಗೆ ಕಾಯಬೇಕಾಯಿತು. ಆದರೂ ಸಾಯಲಿಲ್ಲ, ಅದನ್ನು ಗಮನಿಸಿ. ಸಾಯುವುದಿಲ್ಲ ಎಂದು ಇಲ್ಲಿ ಭರವಸೆ ಕೊಟ್ಟಿಲ್ಲ, ಅದನ್ನೂ ಗಮನಿಸಿ.

ಹಸ್ತಾಂತರದ ವೇಳೆ ಸ್ಥಿತಿ: 2019ರಲ್ಲಿ 365 ಸ್ಥಾನ. 2024ರ ಜುಲೈ 4ರಂದು 121 ಸ್ಥಾನ, ಶೇ. 23.7 ಮತ. ಪಕ್ಷದ ಇತಿಹಾಸದಲ್ಲೇ ಇಷ್ಟು ಕಡಿಮೆ ಸ್ಥಾನ ಬಂದದ್ದಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಅ) ನಾಯಕ: ಒಬ್ಬರು. ಸುಲಭವಾಗಿ ಬದಲಾಯಿಸಬಹುದಾದ ಭಾಗ.

ಆ) 1922 ಸಮಿತಿ: ಭಾಗ ‘ಅ’ವನ್ನು ಕಳಚುವ ಸ್ಪ್ಯಾನರ್. ಹೆಸರಿನಲ್ಲಿ 1922 ಇದ್ದರೂ ಶುರುವಾದದ್ದು 1923ರಲ್ಲಿ. ಸಂಸದರು ಇದರ ಅಧ್ಯಕ್ಷರಿಗೆ ಗುಟ್ಟಾಗಿ ಪತ್ರ ಬರೆಯುತ್ತಾರೆ. ಪತ್ರಗಳು ನಿಗದಿತ ಸಂಖ್ಯೆ ಮುಟ್ಟಿದರೆ ವಿಶ್ವಾಸಮತ. ಗೆದ್ದರೂ ನೆಮ್ಮದಿಯಿಲ್ಲ: ಬೋರಿಸ್ ಜಾನ್ಸನ್ 2022ರ ಜೂನ್ 6ರಂದು ಗೆದ್ದರು, ಜುಲೈ 7ರಂದು ರಾಜೀನಾಮೆ ಘೋಷಿಸಿದರು.

ಇ) ಸದಸ್ಯರು: 2024ರ ನಾಯಕತ್ವ ಚುನಾವಣೆಯಲ್ಲಿ ಮತದ ಹಕ್ಕಿದ್ದವರು 1,31,680. ಕೆಮಿ ಬೇಡನಾಕ್ ಅವರನ್ನು ಆರಿಸಿದವರು ಇವರೇ. ಇವರನ್ನು ಮೆಚ್ಚಿಸಿದರೆ ನಾಯಕತ್ವ ಸಿಗುತ್ತದೆ. ಮೆಚ್ಚಿಸಲು ಆಡಿದ ಮಾತನ್ನು ಮಿಕ್ಕ ದೇಶವೂ ಕೇಳಿಸಿಕೊಂಡಿರುತ್ತದೆ.

ಈ) ಮತದಾರರು: ಯೂಗವ್ ಸಮೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ, 2019ರಲ್ಲಿ 39 ದಾಟಿದವರು ಲೇಬರ್‌ಗಿಂತ ಟೋರಿಗಳಿಗೆ ಮತ ಹಾಕುವ ಸಾಧ್ಯತೆ ಹೆಚ್ಚಿತ್ತು. 2024ರಲ್ಲಿ ಆ ವಯಸ್ಸು 63ಕ್ಕೆ ಏರಿತು. ಐದು ವರ್ಷದಲ್ಲಿ 24 ವರ್ಷ ಮುಪ್ಪಾಗುವುದು ಬೇರೆ ಯಾವ ಯಂತ್ರಕ್ಕೂ ಸಾಧ್ಯವಿಲ್ಲ.

ಉ) ಮನೆಗಳು: ಪೆಟ್ಟಿಗೆಯಲ್ಲಿಲ್ಲ. ಪ್ರತ್ಯೇಕವಾಗಿ ಕಟ್ಟಿಸಿಕೊಳ್ಳಬೇಕು.

ವಿಧಾನ 1: ನಾಯಕನನ್ನು ಬದಲಾಯಿಸುವುದು

ಯಂತ್ರ ಸದ್ದು ಮಾಡಿದ ಕೂಡಲೇ ಭಾಗ ‘ಅ’ವನ್ನು ತೆಗೆದು ಹೊಸದು ಕೂರಿಸಿ. 2010ರಿಂದ 2024ರವರೆಗಿನ ಹದಿನಾಲ್ಕು ವರ್ಷದಲ್ಲಿ ಕ್ಯಾಮರನ್, ಮೇ, ಜಾನ್ಸನ್, ಟ್ರಸ್, ಸುನಕ್ ಹೀಗೆ ಐವರು ಪ್ರಧಾನಿಗಳನ್ನು ಕೂರಿಸಲಾಯಿತು. ಟ್ರಸ್ 49 ದಿನ ಬಾಳಿಕೆ ಬಂದರು. ಅವರ ಸರ್ಕಾರ 2022ರ ಸೆಪ್ಟೆಂಬರ್ 23ರಂದು ಮಂಡಿಸಿದ ಪುಟ್ಟ ಬಜೆಟ್ಟಿನಲ್ಲಿ 4,500 ಕೋಟಿ ಪೌಂಡಿನ ತೆರಿಗೆ ಕಡಿತವಿತ್ತು, ಅದಕ್ಕೆ ಹಣ ಎಲ್ಲಿಂದ ಎಂಬ ಉತ್ತರವಿರಲಿಲ್ಲ. ಗೃಹಸಾಲದ ಬಡ್ಡಿ ಏರಿತು. ಸ್ವಂತ ಮನೆಯವರ ಪಕ್ಷ ಸ್ವಂತ ಮನೆಯವರ ಕಂತನ್ನೇ ಏರಿಸಿದ್ದು ಹೀಗೆ.

ಆಮೇಲೆ ಬಂದ ರಿಷಿ ಸುನಕ್‌ರನ್ನು ಬೆಂಗಳೂರಿನ ಅಳಿಯನೆಂದು ನಾವು ಸಂಭ್ರಮದಿಂದ ನೋಡಿದೆವು. ಅವರು 2024ರ ಮೇ 22ರಂದು ಸುರಿಯುವ ಮಳೆಯಲ್ಲಿ ಕೊಡೆಯಿಲ್ಲದೆ ನಿಂತು ಚುನಾವಣೆ ಘೋಷಿಸಿದರು. ಮುಂದಿನದನ್ನು ಮೇಲಿನ ಸ್ಥಿತಿಪತ್ರದಲ್ಲಿ ನೋಡಿ.

ವಿಧಾನ 2: ತಿರುಪನ್ನು ಬಲಕ್ಕೆ ತಿರುಗಿಸುವುದು

ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ 2024ರಲ್ಲಿ ಗೆದ್ದದ್ದು ಐದೇ ಸ್ಥಾನ, ಆದರೆ ಪಡೆದದ್ದು ಶೇ. 14.3 ಮತ. ಆ ಮತಗಳನ್ನು ಮರಳಿ ತರಲು ತಿರುಪನ್ನು ಬಲಕ್ಕೆ ತಿರುಗಿಸಿ. 2025ರ ಅಕ್ಟೋಬರ್‌ನ ಮ್ಯಾಂಚೆಸ್ಟರ್ ಸಮಾವೇಶದ ಹೊತ್ತಿಗೆ ಇದನ್ನು ಮಾಡಲಾಗಿದೆ: ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯಿಂದ ಹೊರಬರುತ್ತೇವೆ, 2008ರ ಹವಾಮಾನ ಬದಲಾವಣೆ ಕಾಯ್ದೆಯನ್ನು ರದ್ದು ಮಾಡುತ್ತೇವೆ. ಆ ಕಾಯ್ದೆಗೆ ಕ್ಯಾಮರನ್ ಕಾಲದ ಇದೇ ಪಕ್ಷ ಬೆಂಬಲ ಕೊಟ್ಟಿತ್ತು. 2019ರಲ್ಲಿ ಅದರ ಗುರಿಯನ್ನು ಇನ್ನಷ್ಟು ಬಿಗಿ ಮಾಡಿದವರು ಇದೇ ಪಕ್ಷದ ತೆರೇಸಾ ಮೇ. ಅದೇ ಸಮಾವೇಶದಲ್ಲಿ ಹಂಚಿದ ಚಾಕೊಲೇಟಿನ ಹೊದಿಕೆಯಲ್ಲಿ ‘ಬ್ರಿಟನ್’ನ ಇಂಗ್ಲಿಷ್ ಕಾಗುಣಿತವೇ ತಪ್ಪಿತ್ತು. ದೇಶಾಭಿಮಾನದ ಮಾಲನ್ನು ಹೊರಗೆ ಕಳಿಸುವ ಮೊದಲು ಒಮ್ಮೆ ಓದಿ ನೋಡಿ.

ಎಚ್ಚರಿಕೆ: ಬಲಕ್ಕೆ ತಿರುಗಿದಷ್ಟೂ ಅಸಲಿ ಅಂಗಡಿ ಹತ್ತಿರವಾಗುತ್ತದೆ. ಟೋರಿಗಳಾಗಿ ಗೆದ್ದಿದ್ದ ಸಂಸದರಲ್ಲಿ ಲೀ ಆಂಡರ್ಸನ್ 2024ರ ಮಾರ್ಚ್‌ನಲ್ಲಿ, ಡ್ಯಾನಿ ಕ್ರೂಗರ್ 2025ರ ಸೆಪ್ಟೆಂಬರ್‌ನಲ್ಲಿ ರಿಫಾರ್ಮ್ ಪಕ್ಷಕ್ಕೇ ನಡೆದು ಹೋದರು.

ವಿಧಾನ 3: ತಿರುಪನ್ನು ನಡುವಿಗೆ ತರುವುದು

ಕ್ಯಾಮರನ್ ಪ್ರತಿನಿಧಿಸುತ್ತಿದ್ದ ವಿಟ್ನಿ, ಮೇ ಅವರ ಮೇಡನ್‌ಹೆಡ್ — ಎರಡೂ ಅನುಕೂಲಸ್ಥರ ಊರುಗಳು, ಎರಡೂ 2024ರಲ್ಲಿ ಲಿಬರಲ್ ಡೆಮಾಕ್ರಾಟರ ಪಾಲಾದವು. ಇವನ್ನು ಮರಳಿ ಪಡೆಯಲು ದನಿ ತಗ್ಗಿಸಿ ಮಾತಾಡಬೇಕು. ತಗ್ಗಿಸಿದ ಕೂಡಲೇ ವಿಧಾನ 2ರಲ್ಲಿ ಗಳಿಸಿದ್ದು ಸೋರತೊಡಗುತ್ತದೆ. ಅತ್ತ ದರಿ, ಇತ್ತ ಪುಲಿ. ನಡುವೆ ತಾವು, ಕೈಯಲ್ಲಿ ಈ ಕೈಪಿಡಿ.

ವಿಧಾನ 4: ಯಾರೂ ಓದದ ಪುಟ

ಮೇಲಿನ ಮೂರೂ ಮುಚ್ಚಳದ ರಿಪೇರಿ. ಯಂತ್ರ ಓಡುವುದು ಭಾಗ ‘ಉ’ ಇದ್ದರೆ.

1945ರಲ್ಲಿ ನೆಲ ಕಚ್ಚಿದ ಪಕ್ಷ, ತಾನು ಸಂಸತ್ತಿನಲ್ಲಿ ವಿರೋಧಿಸಿದ್ದ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಒಪ್ಪಿಕೊಂಡು, ವರ್ಷಕ್ಕೆ ಮೂರು ಲಕ್ಷ ಮನೆಗಳ ಭರವಸೆ ಕೊಟ್ಟು, 1951ರಲ್ಲಿ ಅಧಿಕಾರಕ್ಕೆ ಮರಳಿತು. ವಸತಿ ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ 1953ರಲ್ಲಿ ಆ ಗುರಿ ದಾಟಿಸಿದರು. ನಂತರ ಪ್ರಧಾನಿಯೂ ಆದರು. 1980ರಲ್ಲಿ ಥ್ಯಾಚರ್ ಸರ್ಕಾರ ನಗರಸಭೆಗಳ ಬಾಡಿಗೆ ಮನೆಗಳನ್ನು ಬಾಡಿಗೆದಾರರಿಗೇ ರಿಯಾಯಿತಿಯಲ್ಲಿ ಮಾರುವ ಕಾನೂನು ತಂದಿತು. ದಶಕ ಮುಗಿಯುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಕೈ ಬದಲಾದವು. ಬಾಗಿಲಿಗೆ ತನ್ನದೇ ಬಣ್ಣ ಬಳಿದುಕೊಂಡವನು ಇದ್ದದ್ದು ಉಳಿಯಲಿ ಎನ್ನುವ ಪಕ್ಷಕ್ಕೆ ಮತ ಹಾಕಿದ. ಆದರೆ ಮಾರಿದ ಮನೆಗಳ ಜಾಗಕ್ಕೆ ಅಷ್ಟೇ ಹೊಸ ಮನೆ ಕಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. ಅಂದಿನ ಸುಗ್ಗಿಯಲ್ಲಿ ಬಿತ್ತನೆ ಬೀಜವೂ ಖರ್ಚಾಯಿತು.

2019ರ ಪ್ರಣಾಳಿಕೆಯಲ್ಲೂ ವರ್ಷಕ್ಕೆ ಮೂರು ಲಕ್ಷ ಮನೆಗಳ ಮಾತಿತ್ತು. ಅದಕ್ಕಾಗಿ ಯೋಜನಾ ನಿಯಮ ಸಡಿಲಿಸಲು ಹೊರಟಾಗ, 2021ರ ಜೂನ್‌ನಲ್ಲಿ ಚೆಶಮ್–ಅಮರ್ಷಮ್ ಉಪಚುನಾವಣೆ ಬಂತು. ಹಿಂದಿನ ಬಾರಿ ಟೋರಿಗಳು 16,223 ಮತಗಳಿಂದ ಗೆದ್ದಿದ್ದ ಕ್ಷೇತ್ರ, ಈ ಬಾರಿ 8,028ರಿಂದ ಲಿಬರಲ್ ಡೆಮಾಕ್ರಾಟರಿಗೆ ಹೋಯಿತು. ನಮ್ಮ ಹೊಲದಾಚೆ ಹೊಸ ಬಡಾವಣೆ ಬೇಡ ಎಂಬುದು ಅಲ್ಲಿನ ದೊಡ್ಡ ಕೂಗುಗಳಲ್ಲೊಂದು. ಸುಧಾರಣೆ ಮೂಲೆಗೆ ಬಿತ್ತು. 2022ರ ಡಿಸೆಂಬರ್‌ನಲ್ಲಿ, ಸುನಕ್ ಕಾಲದಲ್ಲಿ, ಸ್ವಪಕ್ಷದ ಸಂಸದರ ಬಂಡಾಯಕ್ಕೆ ಬಗ್ಗಿ ಮನೆ ಕಟ್ಟುವ ಸ್ಥಳೀಯ ಗುರಿಗಳನ್ನು ಬರೀ ಸಲಹೆ ಎಂದು ಕರೆಯಲಾಯಿತು.

ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು. ಹೊಸ ಮನೆ ಕಟ್ಟಿದರೆ ಇರುವ ಮತದಾರ ಸಿಡುಕುತ್ತಾನೆ, ಕಟ್ಟದಿದ್ದರೆ ಮುಂದಿನ ಮತದಾರ ಹುಟ್ಟುವುದಿಲ್ಲ. ಮೂವತ್ತೈದರಲ್ಲೂ ಸಂಬಳದ ದೊಡ್ಡ ಪಾಲನ್ನು ಬಾಡಿಗೆಗೆ ಸುರಿಯುವವಳಿಗೆ ‘ಇದ್ದದ್ದನ್ನು ಕಾಪಾಡೋಣ’ ಎಂದರೆ, ಏನಿದೆ ಎಂದು ಆಕೆ ಕೇಳುತ್ತಾಳೆ. ಮ್ಯಾಂಚೆಸ್ಟರ್ ಸಮಾವೇಶದಲ್ಲಿ ವಾಸದ ಮನೆ ಕೊಳ್ಳುವವರ ಮುದ್ರಾಂಕ ತೆರಿಗೆ ರದ್ದು ಮಾಡುತ್ತೇವೆಂದದ್ದು ಒಳ್ಳೆಯದೇ. ಆದರೆ ಮನೆಗಳ ಸಂಖ್ಯೆ ಏರದೆ ತೆರಿಗೆ ಮಾತ್ರ ಇಳಿದರೆ, ಉಳಿದ ದುಡ್ಡನ್ನು ಬೆಲೆಯೇ ನುಂಗುತ್ತದೆ.

ದೋಷ ಮತ್ತು ಪರಿಹಾರ

ತೊಂದರೆ: ಸದಸ್ಯರು ಚಪ್ಪಾಳೆ ತಟ್ಟುತ್ತಾರೆ, ಮತ ಬರುವುದಿಲ್ಲ.
ಪರಿಹಾರ: ಸಭಾಂಗಣದಿಂದ ಹೊರಗೆ ಬನ್ನಿ.

ತೊಂದರೆ: ಹೊಲದಾಚೆ ಬಡಾವಣೆ ಎಂದರೆ ಸ್ವಂತ ಸಂಸದರೇ ಎದ್ದು ನಿಲ್ಲುತ್ತಾರೆ.
ಪರಿಹಾರ: ಅವರ ಮಕ್ಕಳು ಎಲ್ಲಿ, ಎಷ್ಟು ಬಾಡಿಗೆಗೆ ಇದ್ದಾರೆಂದು ವಿಚಾರಿಸಿ.

ತೊಂದರೆ: ಮೇಲಿನದು ಮಾಡಿದರೆ ಮುಂದಿನ ಚುನಾವಣೆ ಸೋಲಬಹುದು.
ಪರಿಹಾರ: ಸೋಲಬಹುದು. ಅದರ ಮುಂದಿನದಕ್ಕೆ ಮತದಾರ ಇರುತ್ತಾನೆ.

ವಾರಂಟಿ

ಭಾಗ ‘ಅ’ಕ್ಕೆ ವಾರಂಟಿ ಇಲ್ಲ. ವಿಧಾನ 1, 2, 3ನ್ನು ಪ್ರಯೋಗಿಸಿ ಆದ ಹಾನಿಗೆ ತಯಾರಕರು ಹೊಣೆಯಲ್ಲ. ವಿಧಾನ 4ನ್ನು ಜಾರಿ ಮಾಡಿದವರಿಗೆ ಅದರ ಫಲ ಅವರ ಅವಧಿಯಲ್ಲೇ ಸಿಗುತ್ತದೆಂಬ ಖಾತರಿಯೂ ಇಲ್ಲ. ನೆಟ್ಟವರೇ ಹಣ್ಣು ತಿನ್ನಬೇಕೆಂಬ ಷರತ್ತು ಇರುವವರು ಈ ಪಕ್ಷವನ್ನು ಬಿಟ್ಟು ಬೇರೆ ಮಾದರಿ ನೋಡಿಕೊಳ್ಳುವುದು.