ಹವಳದ ಭಾವ

ಜುಲೈ ತಿಂಗಳ ಜಡಿಮಳೆಯಲ್ಲಿ, ಮಂಕಿಯ ಯಾವುದೋ ಮನೆಯ ಜಗಲಿ ತುದಿಗೆ ನಿಂತು, ಸೂರಿನ ನೀರು ಭುಜಕ್ಕೆ ಸುರಿಯುತ್ತಿದ್ದರೂ ಲೆಕ್ಕಿಸದೆ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದವರು ಕಂಡರೆ ಗಾಬರಿ ಬೇಡ. ಅವರು ಹವಳದ ಭಾವ. ಗಲ್ಫಿನ ಶಾಲೆಗಳಿಗೆ ರಜೆ ಕೊಡುವ ಹೊತ್ತಿಗೇ ನಮ್ಮಲ್ಲಿ ಕರೆಂಟು ಹೋಗುವ ಕಾಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದಿದ್ದಾರೆ, ಜೀವ ಮಾತ್ರ ಶಾರ್ಜಾದ ಫ್ಲ್ಯಾಟಿನ ಗಾಜಿನ ತೊಟ್ಟಿಯಲ್ಲಿದೆ.

ಹೊನ್ನಾವರ, ಭಟ್ಕಳದ ಕಡೆಯ ಊರುಗಳಿಂದ ಗಲ್ಫಿಗೆ ಹೋದವರಿಗೆ ಬರಗಾಲವಿಲ್ಲ. ಕೆಲವರು ಅಲ್ಲಿ ಕ್ರಿಕೆಟ್ ಆಡುತ್ತಾರೆ, ಕೆಲವರು ಯಕ್ಷಗಾನ ತರಿಸುತ್ತಾರೆ. ಭಾವನಂಥವರು ಹಾಲಿನಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ನಾಲ್ಕಡಿ ಉದ್ದದ, 400 ಲೀಟರಿನ ಸಮುದ್ರ ಇಟ್ಟುಕೊಂಡು, ಅದರೊಳಗೆ ಹವಳ ಸಾಕುತ್ತಾರೆ.

"ತಿಂಬಲೆ ಬತ್ತಾ ತಮಾ?" ಎಂದು ಮೊದಲ ವರ್ಷ ಭಾವನ ಆಯಿ ಕೇಳಿದ್ದರು.

"ಇಲ್ಲೆ ಆಯಿ."

"ಮತ್ತೆ ಎಂತಕ್ಕೆ?"

ಆ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಬದಲಿಗೆ ಭಾವ ಪಾಠ ಮಾಡುತ್ತಾರೆ. ಹವಳ ಗಿಡವಲ್ಲ, ಪ್ರಾಣಿ. ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಬಿಡಾರ ಕೂರಿಸಿಕೊಂಡು, ಅದು ಬಿಸಿಲಿನಲ್ಲಿ ಅಟ್ಟಿದ ಅಡುಗೆಯನ್ನು ಉಂಡು ಬದುಕುತ್ತದೆ. ನೀರು ಬಿಸಿಯಾದರೆ ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ. ಬಣ್ಣವೂ ಹೋಯಿತು, ಊಟವೂ ಹೋಯಿತು. ಆದ್ದರಿಂದ ತೊಟ್ಟಿಯ ನೀರು 25–26 ಡಿಗ್ರಿಯಲ್ಲೇ ಇರಬೇಕು. ಅದಕ್ಕಾಗಿ ಮನೆಯಲ್ಲಿ ಯಾರೂ ಇಲ್ಲದ ಈ ಒಂದು ತಿಂಗಳೂ ಶಾರ್ಜಾದ ಹಾಲಿನ ಏಸಿ ಓಡುತ್ತಲೇ ಇದೆ. ಇತ್ತ ಆಯಿ ಮೇಣದ ಬತ್ತಿ ಹಚ್ಚಿ, ಬೀಸಣಿಗೆ ಹಿಡಿದು ಸೊಳ್ಳೆ ಓಡಿಸುತ್ತಿದ್ದಾರೆ. ಈ ವಿಷಯ ಸೊಸೆಯಿಂದ ಅತ್ತೆಗೆ ತಲುಪಿದ ಮೇಲೆ ಮನೆಯಲ್ಲಿ ಭಾವನ ಮಾತಿನ ತೂಕ ಸ್ವಲ್ಪ ಇಳಿದಿದೆ.

ಅವರಿಗೆ ಎಲ್ಲವೂ ಎರಡೆರಡು ಬೇಕು. ಎರಡು ಪಂಪು, ಎರಡು ಥರ್ಮಾಮೀಟರು, ಕರೆಂಟು ಹೋದ ಕ್ಷಣ ತಾನೇ ಗುಳುಗುಳು ಶುರುಮಾಡುವ ಬ್ಯಾಟರಿಯ ಗಾಳಿಯಂತ್ರ. ನೀರು ನಿಂತರೆ ಮೊದಲು ಮುಗಿಯುವುದು ಆಮ್ಲಜನಕ, ಆಮೇಲೆ ಉಳಿದದ್ದು. ಏಸಿಯ ತಂಪಿಗೆ ನೀರು ತೀರಾ ತಣ್ಣಗಾಗದಿರಲು ಇಟ್ಟ ಹೀಟರೂ 300 ವ್ಯಾಟಿನದು ಒಂದಲ್ಲ, 150ರದು ಎರಡು. ಒಂದು ಕೆಟ್ಟು ಆರಿದರೆ ಇನ್ನೊಂದು ಕಾಯುತ್ತದೆ. ಒಂದು ಕೆಟ್ಟು ಉರಿಯುತ್ತಲೇ ಉಳಿದರೆ ತೊಟ್ಟಿಯನ್ನು ಒಂದೇ ರಾತ್ರಿಯಲ್ಲಿ ಸಾರು ಮಾಡುವ ಶಕ್ತಿ ಅದಕ್ಕಿಲ್ಲ.

ಉಪ್ಪಿನ ಕಥೆ ಬೇರೆ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ತೊಟ್ಟಿ ತುಂಬಲು 14 ಕಿಲೋ ಬೇಕು, ಅದೂ ಡಬ್ಬಿಯಲ್ಲಿ ಬರುವ ದುಬಾರಿ ಉಪ್ಪು. ಸಮುದ್ರದ ದಂಡೆಯಲ್ಲಿ ಹುಟ್ಟಿದವನು ಸಮುದ್ರವನ್ನು ಡಬ್ಬಿಯಲ್ಲಿ ಕೊಳ್ಳುವುದು ಪಕ್ಕದ ಮನೆಯವರಿಗೆ ಸಹಿಸಲಾಗಲಿಲ್ಲ. "ಕುಮಟೆಗೆ ಹೋಗು ಮಾರಾಯ, ಸಾಣಿಕಟ್ಟಾ ಉಪ್ಪು ಒಂದು ಮೂಟೆ ತಗಂಡು ಹೋಗು" ಎಂದರು. ಭಾವ ಜಗಲಿಯಲ್ಲಿ ಕೂತು ಅರ್ಧ ಗಂಟೆ ವಿವರಿಸಿದರು: ಉಪ್ಪಿನ ಗದ್ದೆಯಲ್ಲಿ ನೀರು ಆವಿಯಾಗುವಾಗ ಕ್ಯಾಲ್ಸಿಯಂ ಮೊದಲೇ ತಳಕ್ಕೆ ಕೂರುತ್ತದೆ, ಮೆಗ್ನೀಸಿಯಂ ಕಡೆಯ ಕಹಿನೀರಿನಲ್ಲಿ ಹೊರಟುಹೋಗುತ್ತದೆ, ಮಧ್ಯೆ ಸಿಗುವುದು ಊಟದ ಉಪ್ಪು, ಹವಳಕ್ಕೆ ಎಲುಬು ಕಟ್ಟಲು ಆ ಎರಡೂ ಬೇಕು. ಪಕ್ಕದ ಮನೆಯವರು ಕೇಳಿಸಿಕೊಂಡು, "ಹಾಗಾದ್ರೆ ಮಾವಿನಮಿಡಿಗೆ ಅಡ್ಡಿಲ್ಲ" ಎಂದು ಎದ್ದು ಹೋದರು.

ಇಷ್ಟೆಲ್ಲ ಜಾಗ್ರತೆ ಒಂದು ಸಾವಿನ ನಂತರ ಬಂದದ್ದು. ಮೂರು ವರ್ಷದ ಹಿಂದೆ ಒಂದೇ ಹೀಟರಿತ್ತು. ಅದು ರಾತ್ರಿ ಅಂಟಿಕೊಂಡು ಬೆಳಗ್ಗೆ ನೀರು 34 ಡಿಗ್ರಿ. ಭಾವ ಬಾಗಿಲು ತೆಗೆದಾಗ ಹಾಲಿಗೆಲ್ಲ ಹಳಸಿದ ಸಿಗಡಿಯ ವಾಸನೆ, ನಾಲ್ಕು ವರ್ಷ ಬೆಳೆಸಿದ್ದೆಲ್ಲ ಬೆಳ್ಳಗೆ ಲೋಳೆಯಾಗಿ ಜಾರುತ್ತಿತ್ತು. ಉಳಿದದ್ದು ಒಂದೇ: ಹಿಂದೊಮ್ಮೆ ಆಫೀಸಿನ ಫಿಲಿಪಿನೊ ಗೆಳೆಯನಿಗೆ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟಿದ್ದ ಹೆಬ್ಬೆರಳುದ್ದದ ಚೂರು. ಹೋಗಿ ನೋಡಿದರೆ ಅದು ಅಲ್ಲಿ ಮುಷ್ಟಿಗಾತ್ರವಾಗಿ ಕೂತಿತ್ತು. ಗೆಳೆಯ ಕತ್ತರಿಸಿ ಅರ್ಧ ವಾಪಸು ಕೊಟ್ಟ.

ಆಯಿಗೆ ಈ ಕಥೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಅವರ ಡೇರೆ ಗಿಡಗಳು ಕರಾವಳಿಯ ಮಳೆಗೆ ಎಷ್ಟೋ ಸಲ ಕೊಳೆತಿವೆ. ಪ್ರತಿ ಸಲವೂ ಸಿದ್ದಾಪುರದ ತಂಗಿಯ ಮನೆಯಿಂದ ಅದೇ ಬಣ್ಣದ ಗಡ್ಡೆ ತಿರುಗಿ ಬಂದಿದೆ, ಏಕೆಂದರೆ ಅಲ್ಲಿಗೆ ಕೊಟ್ಟವರೇ ಇವರು. "ಒಂದೇ ಮನೇಲಿ ಇಟ್ಕಂಡ್ರೆ ಕೊಳ್ತು ಹೋಗ್ತು. ನಾಕು ಮನಿಗೆ ಕೊಡವು" ಎಂದರು.

ಈಗ ಭಾವ ಕೊಡುತ್ತಾರೆ. ಆದರೆ ಮಗಳನ್ನು ಕೊಟ್ಟ ಮಾವನ ಹಾಗೆ. ಕೊಟ್ಟ ಮನೆಗೆ ರಜಾದಿನ ತಪ್ಪದೆ ಹೋಗುತ್ತಾರೆ, ನೀರಿನ ಉಪ್ಪು ಅಳೆಯುತ್ತಾರೆ, ದೀಪ ಹೆಚ್ಚಾಯಿತು ಎನ್ನುತ್ತಾರೆ, ಚಹಾ ಕುಡಿಯದೆ ಏಳುತ್ತಾರೆ. ಯಾವ ಚೂರು ಯಾರಲ್ಲಿದೆ ಎಂಬ ಪಾಲುಪಟ್ಟಿ ಪಾಸ್‌ಪೋರ್ಟಿನ ಜೊತೆಗಿದೆ. ಅದರಲ್ಲಿ ಊರಿನ ಹೆಸರೊಂದಿಲ್ಲ. ಊರಿಗೂ ಒಂದು ಚೂರು ತರುವ ಆಸೆಯೇನೋ ಇತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲುಹವಳ ಸೇರಿದೆ. ಹುಲಿ ಕೂತ ಪಂಕ್ತಿಯಲ್ಲೇ ಅದಕ್ಕೂ ಮಣೆ. ಸೂಟ್‌ಕೇಸಿನಲ್ಲಿ ಹುಲಿಮರಿ ತರುವ ಧೈರ್ಯ ಭಾವನಿಗಿಲ್ಲ.

ತರುವ ಅಗತ್ಯವೂ ಇಲ್ಲವೆನ್ನಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಹವಳ ತನ್ನಷ್ಟಕ್ಕೆ ಬೆಳೆದಿದೆ, ಹೀಟರಿಲ್ಲದೆ, ಏಸಿಯಿಲ್ಲದೆ. ಆದರೆ 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯ ಜಾಗತಿಕ ಹವಳ ಬಿಳಿಚುವಿಕೆ ನಡೆಯುತ್ತಿದೆ ಎಂದು ಸಾರಿದಾಗ, ಲಕ್ಷದ್ವೀಪದ ಹವಳವೂ ಬಿಳಿಚಿದಾಗ, ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಮುದ್ರದ ಬಿಸಿ ಬೇಸಿಗೆಯ ವಾಡಿಕೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ನಿಂತರೆ ಸಾಕು, ಹವಳ ಬಿಳಿಚುತ್ತದೆ. ಅಷ್ಟು ದೊಡ್ಡ ತೊಟ್ಟಿಗೆ ಎರಡನೇ ಥರ್ಮಾಮೀಟರು ಯಾರು ಇಡುವುದು?

ಸದ್ಯಕ್ಕೆ ಅವರ ಚಿಂತೆ ಕೀಲಿಕೈ ಇರುವ ಪಕ್ಕದ ಫ್ಲ್ಯಾಟಿನ ಮಲಯಾಳಿ ಚೇಟನದ್ದು. ಹೊರಡುವ ಮುನ್ನ, ಹವಳದ ಜೊತೆ ತೊಟ್ಟಿಯಲ್ಲಿರುವ ಮೀನುಗಳ ಆಹಾರವನ್ನು ಪಂಡಿತರ ಚೂರ್ಣದ ಹಾಗೆ 31 ಪೊಟ್ಟಣ ಕಟ್ಟಿ, ತಾರೀಖು ಬರೆದು ಕೊಟ್ಟಿದ್ದಾರೆ. ದಿನಕ್ಕೊಂದು. ಮೀನು ಹಸಿದ ಮುಖ ಮಾಡಿದರೂ ಒಂದೇ. ತಿನ್ನದೆ ಉಳಿದದ್ದು ಕೊಳೆತರೆ ಹವಳಕ್ಕೆ ವಿಷ.

ಮೂರು ದಿನದ ನಂತರ ಕರೆಂಟು ಬಂತು, ನೆಟ್ಟೂ ಬಂತು. ಭಾವ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಶಾರ್ಜಾದ ತೊಟ್ಟಿಯ ಮುಂದಿನ ಕ್ಯಾಮೆರಾ ತೆರೆದರು. ಉಷ್ಣತೆ 25.6. ನೀಲಿ ಬೆಳಕಿನಲ್ಲಿ ಹವಳ ಅರಳಿ ನಿಂತಿದೆ. ಅದರ ಮುಂದೆ, ಪುಕ್ಕಟೆ ಏಸಿಯ ತಂಪಿನಲ್ಲಿ ಚಾಪೆ ಹಾಸಿ, ಚೇಟನ ಇಡೀ ಸಂಸಾರ ಊಟಕ್ಕೆ ಕೂತಿದೆ.

ಆಯಿ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಚೊಲೊ ಆತು. ಮನೇಲಿ ಜನ ಇದ್ದ."

ಚಾಪೆಯಿಂದ ಎದ್ದ ಸಣ್ಣ ಹುಡುಗನೊಬ್ಬ ಕುರ್ಚಿ ಹತ್ತಿ, ತೊಟ್ಟಿಯ ಮೇಲೆ ಬಗ್ಗಿ, ಅನ್ನ ಹಿಡಿದ ಮುಷ್ಟಿಯನ್ನು ಚಾಚಿದ. ಭಾವ "ಏಯ್!" ಎಂದು ಕೂಗಿದ್ದು ಮಂಕಿ ಪೇಟೆಯವರೆಗೂ ಕೇಳಿತು. ಚಿತ್ರ ಮಾತ್ರ ಅಲ್ಲೇ ನಿಂತಿತು, ಮುಷ್ಟಿ ಅರ್ಧ ಬಿಚ್ಚಿದ ಹಾಗೆ.